‘ವಯಸ್ಸಾಯ್ತು’ ಅಂತ ಸುಮ್ಮನಿರಬೇಡಿ

ಸೋದರಿಯರೇ, ನಲವತ್ತು ದಾಟಿದ ನಾವು ದಿನಕ್ಕೆ ಎಷ್ಟು ಸಲ ಈ ಮಾತು ಹೇಳುತ್ತೇವೆ, ಯಾವತ್ತಾದರೂ ಲೆಕ್ಕ ಇಟ್ಟಿದ್ದೀರಾ? ಮೆಟ್ಟಿಲು ಹತ್ತಿದರೆ ಏದುಸಿರು ಬಂತು, “ವಯಸ್ಸಾಯ್ತಲ್ರೀ.” ಬೆಳಿಗ್ಗೆ ಎದ್ದರೆ ತಲೆ ಭಾರ, “ವಯಸ್ಸಾಯ್ತು.” ರವಿಕೆ ಬಿಗಿಯಾಯಿತು, ಅದಕ್ಕೂ ಅದೇ ಉತ್ತರ.

ಕೆ.ಆರ್.ಪುರದಲ್ಲಿರುವ ನಮ್ಮಕ್ಕನೂ ಹೀಗೇ ಅನ್ನುತ್ತಿದ್ದಳು. ಎರಡು ವರ್ಷದ ಹಿಂದೆ ಹಲಸೂರಿನ ನಮ್ಮ ಮನೆಗೆ ಮೆಟ್ರೋದಲ್ಲಿ ಬಂದವಳು, ಮನೆ ಮುಟ್ಟುವಷ್ಟರಲ್ಲಿ ಬೆವತು ಜಗಲಿಯ ಮೇಲೇ ಕೂತುಬಿಟ್ಟಳು. “ಐವತ್ತೆರಡಾಯ್ತು ಕಣಕ್ಕಾ, ಇನ್ನೇನು ಹುಡುಗೀನಾ ನೀನು? ಸ್ವಲ್ಪ ರೆಸ್ಟ್ ತಗೋ” ಎಂದವಳು ನಾನೇ. ಅದಾಗಿ ಮೂರು ವಾರಕ್ಕೆ, ಬೆಳಗಿನ ದೋಸೆ ಹುಯ್ಯುತ್ತಿದ್ದಾಗ ಅವಳ ಬಲಗೈಯಿಂದ ಸೌಟು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಕೈ ಮಾತು ಕೇಳಲಿಲ್ಲ. ಭಾವನನ್ನು ಕೂಗಿದರೆ ನಾಲಿಗೆ ತೊದಲಿತು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದೊತ್ತಡ 190/110. ಅವಳು ಕೊನೆಯ ಸಲ ಬಿ.ಪಿ. ನೋಡಿಸಿಕೊಂಡದ್ದು ಕಿರಿಯ ಮಗನ ಹೆರಿಗೆಯ ಕಾಲದಲ್ಲಂತೆ. ಆ ಮಗನಿಗೆ ಆಗಲೇ 25 ವರ್ಷ!

ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಅಷ್ಟೇ. ಆದರೆ ಅಕ್ಕನ ಹಾಸಿಗೆ ಪಕ್ಕದಲ್ಲಿ ಕೂತು, ಆ ‘ವಯಸ್ಸಾಯ್ತು’ ಅನ್ನುವುದು ಮೈಯೊಳಗೆ ನಿಜವಾಗಿ ಏನು ಮಾಡುತ್ತದೆ ಎಂದು ಡಾಕ್ಟರಮ್ಮನನ್ನು ಕೇಳಿ ಕೇಳಿ, ಪುಸ್ತಕ ಓದಿ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ

ಹೊಸ ಕುಕ್ಕರಿನ ಗ್ಯಾಸ್ಕೆಟ್ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ದಿನಾ ಬಿಸಿ, ದಿನಾ ಒತ್ತಡ. ವರ್ಷ ಕಳೆಯುವುದರಲ್ಲಿ ಬಿರುಸಾಗುತ್ತದೆ. ನಮ್ಮ ರಕ್ತನಾಳದ ಗೋಡೆಯಲ್ಲೂ ಇಂಥದೇ ಹಿಗ್ಗುವ ಎಳೆಗಳಿವೆ. ಅವಕ್ಕೆ ಎಲಾಸ್ಟಿನ್ ಎಂದು ಹೆಸರು. ಇವು ತಯಾರಾಗುವುದು ಬಹುಪಾಲು ತಾಯಿಯ ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ಆಮೇಲೆ ಹೊಸದು ಸೇರುವುದು ಬಲು ಕಡಿಮೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಈ ಎಳೆ ಹಿಗ್ಗಿ ಕುಗ್ಗಬೇಕು. ಐವತ್ತು ವರ್ಷ ದುಡಿದರೆ ಎಳೆ ಹರಿಯದೆ ಇರುತ್ತದೆಯೇ? ಆ ಜಾಗದಲ್ಲಿ ಕೊಲಾಜೆನ್ ಎಂಬ ಗಡುಸು ನಾರು ಹೆಚ್ಚುತ್ತದೆ. ನಾಳ ಬಿರುಸಾದಷ್ಟೂ ಬಿ.ಪಿ.ಯ ಮೇಲಿನ ಸಂಖ್ಯೆ ಏರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ನಾಳದ ಒಳಮೈ. ಅಲ್ಲಿ ಒಂದೇ ಒಂದು ಜೀವಕೋಶದಷ್ಟು ದಪ್ಪದ ತೆಳುವಾದ ಪದರವಿದೆ. ಈ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚೂರುಚೂರೇ ತಯಾರಿಸುತ್ತವೆ. “ಸಡಿಲವಾಗು, ರಕ್ತಕ್ಕೆ ದಾರಿ ಬಿಡು” ಎಂದು ನಾಳಕ್ಕೆ ಹೇಳುವುದು ಈ ಅನಿಲವೇ. ಇದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು. ಹೆಂಗಸರಾದ ನಮಗೆ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು ಈ ಕೆಲಸದಲ್ಲಿ ನೆರವಾಗುತ್ತದೆ. ನಮ್ಮ ದೇಶದಲ್ಲಿ ಸರಾಸರಿ 46–47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಆಗ ಆ ನೆರವೂ ತಪ್ಪುತ್ತದೆ. ನೋವಿಲ್ಲ, ಜ್ವರವಿಲ್ಲ, ಯಾವ ಸುಳಿವೂ ಇಲ್ಲ. ಅಲ್ಲಿಯವರೆಗೆ ಗಂಡಸರಿಗಿಂತ ತಗ್ಗಾಗಿದ್ದ ನಮ್ಮ ಬಿ.ಪಿ. ಸದ್ದಿಲ್ಲದೆ ಮೇಲೇರತೊಡಗುತ್ತದೆ.

ಕೋಶದೊಳಗಿನ ಒಲೆಗಳು

ಉಂಡ ಅನ್ನ ಶಕ್ತಿಯಾಗುವುದು ಹೊಟ್ಟೆಯಲ್ಲಲ್ಲ, ಜೀವಕೋಶಗಳಲ್ಲಿ. ಅಲ್ಲಿ ಮೈಟೊಕಾಂಡ್ರಿಯಾ ಎಂಬ ಪುಟ್ಟ ಪುಟ್ಟ ಒಲೆಗಳಿವೆ. ಇವು ನಮಗೆ ಬಂದದ್ದು ತಾಯಿಯ ಕಡೆಯಿಂದ ಎಂದು ತಿಳಿದಾಗ ನನಗೆ ಒಂಥರಾ ಹೆಮ್ಮೆಯಾಯಿತು. ವಯಸ್ಸಾದಂತೆ, ಅದರಲ್ಲೂ ಮೈ ಕದಲಿಸದೆ ಕೂತರೆ, ಒಲೆಗಳ ಸಂಖ್ಯೆ ಇಳಿಯುತ್ತದೆ. ಉಳಿದವು ಹಸಿ ಸೌದೆ ಇಟ್ಟ ಒಲೆಯ ಹಾಗೆ ಹೊಗೆ ಹೆಚ್ಚಾಗಿ ಉಗುಳುತ್ತವೆ. ಈ ‘ಹೊಗೆ’ ಮೇಲೆ ಹೇಳಿದ ನೈಟ್ರಿಕ್ ಆಕ್ಸೈಡನ್ನು ಹಾಳುಮಾಡುತ್ತದೆ. ಒಲೆ ಕೆಟ್ಟರೆ ನಾಳವೂ ಕೆಡುವುದು ಹೀಗೆ.

ಇನ್ನು ಸಕ್ಕರೆ. ದೋಸೆ ಕಾವಲಿಯ ಮೇಲೆ ಕೆಂಪಗಾಗುತ್ತದಲ್ಲ, ಅದು ಹಿಟ್ಟಿನ ಸಕ್ಕರೆ ಅಂಶವೂ ಪ್ರೋಟೀನೂ ಬಿಸಿಗೆ ಅಂಟಿಕೊಂಡದ್ದರ ಬಣ್ಣ. ಮೈಯೊಳಗೆ ಅಷ್ಟು ಬಿಸಿ ಇಲ್ಲ, ಆದರೆ ಕಾಲ ಬೇಕಾದಷ್ಟಿದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ನಿಧಾನವಾಗಿ ನಾಳದ ನಾರುಗಳಿಗೆ ಅಂಟಿ, ಒಂದಕ್ಕೊಂದು ಬೆಸೆದು, ಮತ್ತಷ್ಟು ಬಿರುಸು ಮಾಡುತ್ತದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಅಳೆಯುವುದೂ ಇದನ್ನೇ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟರಲ್ಲಿ ಅದಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂದು ನೋಡುತ್ತಾರೆ. 5.7ರ ಒಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ನಡುವೆ ಇದ್ದರೆ ಎಚ್ಚರಿಕೆಯ ಗಂಟೆ.

ತಪ್ಪೆಲ್ಲ ವಯಸ್ಸಿನದೇ?

“ನಲವತ್ತಾದ ಮೇಲೆ ಉಂಡದ್ದು ಕರಗೋದೇ ಇಲ್ಲ” ಎನ್ನುತ್ತೇವೆ. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಅಳೆದು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೇರೆಯೇ ಹೇಳಿತು. ಮೈತೂಕ ಮತ್ತು ಸ್ನಾಯುವಿಗೆ ತಕ್ಕಂತೆ ಲೆಕ್ಕ ಹಾಕಿದರೆ, 20ರಿಂದ 60ರವರೆಗೆ ದೇಹ ಶಕ್ತಿ ಸುಡುವ ವೇಗ ಹೆಚ್ಚುಕಡಿಮೆ ಒಂದೇ. ಇಳಿಯುವುದು 60ರ ಮೇಲೆ, ಅದೂ ವರ್ಷಕ್ಕೆ ನೂರಕ್ಕೆ 0.7ರಷ್ಟು. ಹಾಗಾದರೆ ನಲವತ್ತರ ಬೊಜ್ಜು ಎಲ್ಲಿಂದ ಬಂತು? ಬಳಸದ ಸ್ನಾಯು ಸವೆಯಿತು, ಮಕ್ಕಳು ಬಿಟ್ಟ ಅನ್ನ ನಮ್ಮ ಹೊಟ್ಟೆ ಸೇರಿತು, ನಡಿಗೆ ಕಡಿಮೆಯಾಯಿತು. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರುವುದೇ ಸ್ನಾಯು. ಅದು ಸವೆದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಇದು ಪಟ್ಟಣದವರ ಕಾಯಿಲೆ ಎಂದುಕೊಳ್ಳಬೇಡಿ. ಕೆ.ಆರ್.ಪುರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೋದರೆ ಕೋಲಾರ, ಅಲ್ಲಿಂದ ಮುಂದೆ ಮಾವಿಗೆ ಹೆಸರಾದ ಶ್ರೀನಿವಾಸಪುರ. ಅಲ್ಲಿಯ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿಯಿಟ್ಟುಕೊಂಡು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಅಧ್ಯಯನ ನಡೆಸುತ್ತಿದೆ. ರಕ್ತ, ಜ್ಞಾಪಕಶಕ್ತಿ, ಮಿದುಳಿನ ಸ್ಕ್ಯಾನ್ ಎಲ್ಲ ನೋಡುತ್ತಾರೆ. ಮರೆವಿನ ಕಾಯಿಲೆಗೂ ಬಿ.ಪಿ., ಸಕ್ಕರೆಗೂ ನಂಟಿರುವುದರಿಂದ ಅವನ್ನೂ ಅಳೆಯುತ್ತಾರೆ. ಇಡೀ ದೇಶದ ಲೆಕ್ಕ ಬೇಕೆಂದರೆ, 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ 35.5 ಜನರಿಗೆ ರಕ್ತದೊತ್ತಡ, 11.4 ಜನರಿಗೆ ಸಕ್ಕರೆ ಕಾಯಿಲೆ.

ನಾನು ಮಾಡಿದ್ದು, ನೀವು ಮಾಡಬೇಕಾದ್ದು

ಅಕ್ಕನನ್ನು ಮನೆಗೆ ಕರೆತಂದ ವಾರವೇ ನಾನೂ ತೋರಿಸಿಕೊಂಡೆ. ಆಗ ನನಗೆ 46. ತಲೆನೋವಿಲ್ಲ, ಸುಸ್ತಿಲ್ಲ, ಚೆನ್ನಾಗಿದ್ದೇನೆಂದುಕೊಂಡಿದ್ದೆ. ಬಿ.ಪಿ. 148/94, ಎಚ್‌ಬಿಎ1ಸಿ 6.1! ಎರಡು ದಿನ ಬಿಟ್ಟು ನೋಡಿದರೂ ಬಿ.ಪಿ. ಹಾಗೇ ಇತ್ತು. ಡಾಕ್ಟರಮ್ಮ ಮಾತ್ರೆ ಕೊಟ್ಟರು, ಜೊತೆಗೆ ಈ ಬುದ್ಧಿಮಾತುಗಳನ್ನೂ ಹೇಳಿದರು:

1. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, 2022ರ ಕೊನೆಯಲ್ಲಿ ಶುರುವಾದ ‘ನಮ್ಮ ಕ್ಲಿನಿಕ್’ಗಳಲ್ಲಿ ಕಾಸು ಕೊಡಬೇಕಿಲ್ಲ. 140/90 ಮುಟ್ಟಿದರೆ ಮತ್ತೆ ಬೇರೆ ದಿನ ನೋಡಿಸಿ.

2. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಈ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ 1 ಕಿಲೋ ಉಪ್ಪು 50 ದಿನ ಬರಬೇಕು. ನಮ್ಮನೆಯಲ್ಲಿ 28 ದಿನಕ್ಕೇ ಮುಗಿಯುತ್ತಿತ್ತು! ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬಿಸ್ಕತ್ತಿನ ಉಪ್ಪು ಬೇರೆ.

3. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ರಕ್ತ ರಭಸವಾಗಿ ಹರಿದಾಗ ನಾಳದ ಕೋಶಗಳು ಹೆಚ್ಚು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ಸ್ನಾಯುವಿನಲ್ಲಿ ಹೊಸ ‘ಒಲೆ’ಗಳು ಹುಟ್ಟುತ್ತವೆ, ಎಪ್ಪತ್ತರಲ್ಲೂ ಹುಟ್ಟುತ್ತವೆ. ವಾರಕ್ಕೆರಡು ದಿನ ಕುರ್ಚಿಯಿಂದ ಹತ್ತು ಹತ್ತು ಸಲ ಎದ್ದು ಕೂರುವುದು, ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು ಮಾಡಿ. ಮನೆಗೆಲಸವೇ ವ್ಯಾಯಾಮ ಎಂಬ ನೆಪ ಬೇಡ.

4. ತಟ್ಟೆಯಲ್ಲಿ ಅನ್ನ, ಮುದ್ದೆ ಒಂದು ಹಿಡಿ ಕಡಿಮೆ ಮಾಡಿ, ಬಸ್ಸಾರಿನ ಕಾಳು, ಸೊಪ್ಪಿನ ಪಲ್ಯ ಹೆಚ್ಚಿಸಿ.

5. ಬಿ.ಪಿ. ಇಳಿಯಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

6. ಬಾಯಿ ಸೊಟ್ಟಗಾಯಿತೇ, ಒಂದು ಕೈ ಬಿದ್ದುಹೋಯಿತೇ, ಮಾತು ತೊದಲಿತೇ? ಮಲಗಿದರೆ ಸರಿಹೋಗುತ್ತೆ ಎನ್ನದೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯ ಗಡುವಿದೆ.

ಆರು ತಿಂಗಳಲ್ಲಿ ನನ್ನ ಬಿ.ಪಿ. 128/82ಕ್ಕೆ ಬಂತು, ಎಚ್‌ಬಿಎ1ಸಿ 5.8ಕ್ಕೆ. ಹಲಸೂರು ಕೆರೆಯ ಸುತ್ತ ಬೆಳಗಿನ ನಡಿಗೆಗೆ ಈಗ ನಮ್ಮ ಬೀದಿಯ ನಾಲ್ವರು ಹೆಂಗಸರು ಜೊತೆಯಾಗಿದ್ದಾರೆ.

ಅಕ್ಕನ ಮಾತು ಪೂರ್ತಿ ಮರಳಿದೆ. ಬಲಗೈಗೆ ಹಿಡಿತ ಇನ್ನೂ ಬಂದಿಲ್ಲ, ಎಡಗೈಯಲ್ಲೇ ದೋಸೆ ಹುಯ್ಯುತ್ತಾಳೆ, ಅಂಚು ಸ್ವಲ್ಪ ಸೊಟ್ಟ. ವಾರಕ್ಕೊಮ್ಮೆ ಫೋನು ಮಾಡಿ, “ಏನೇ, ಬಿ.ಪಿ. ನೋಡಿಸ್ಕೊಂಡ್ಯಾ?” ಎಂದು ವಿಚಾರಿಸುತ್ತಾಳೆ. ಈ ಪ್ರಶ್ನೆಯನ್ನು ಅವತ್ತು ಜಗಲಿಯ ಮೇಲೆ ಕೂತಿದ್ದ ಅವಳಿಗೆ ನಾನು ಕೇಳಬೇಕಿತ್ತು. ನಿಮ್ಮ ಅಕ್ಕನನ್ನೋ ಅತ್ತೆಯನ್ನೋ ನೀವು ಇವತ್ತೇ ಕೇಳಿ. ಹಾಗೇ ನೀವೂ ನೋಡಿಸಿಕೊಳ್ಳಿ.