ಊರಿನ ಹಸುರನ್ನು ಕಾಯುವವರು

ಬಿಸಿಲಿನಲ್ಲಿ ದಣಿದು ಬಂದ ದಾರಿಗನು ಮರದ ನೆರಳನ್ನು ಕಂಡೊಡನೆ ಅಲ್ಲಿ ಕುಳಿತು ಬೆವರನ್ನೊರಸಿಕೊಳ್ಳುವನು. ಇದು ಯಾವ ಮರವೆಂದು ಒಮ್ಮೊಮ್ಮೆ ತಲೆಯೆತ್ತಿ ನೋಡುವುದೂ ಉಂಟು. ಆದರೆ ಅದನ್ನು ನೆಟ್ಟವರು ಯಾರು, ಮೊಣಕಾಲೆತ್ತರದ ಸಸಿಯಾಗಿದ್ದಾಗ ಆಡುಕುರಿಗಳ ಬಾಯಿಂದ ಅದನ್ನು ಉಳಿಸಿದವರು ಯಾರು, ಬೇಸಗೆಯಲ್ಲಿ ಅದಕ್ಕೆ ನೀರೆರೆದವರು ಯಾರು ಎಂದು ವಿಚಾರಿಸುವವರು ವಿರಳ. ಉದ್ಯಾನ, ಗುಂಡುತೋಪು, ಕೆರೆಯ ಏರಿ, ಸಾಲುಮರದ ದಾರಿ, ಶಾಲೆಯ ಅಂಗಳ ಇವೆಲ್ಲವೂ ಎಲ್ಲರ ಸೊತ್ತು. ಎಲ್ಲರ ಸೊತ್ತಾದುದರಿಂದಲೇ ಅವು ಯಾರ ಹೊಣೆಗೂ ಸೇರದೆ ಹೋಗುವುದು ಲೋಕರೂಢಿ. ಹೀಗಿರುವಲ್ಲಿ, ಸಂಬಳವನ್ನಾಗಲಿ ಕೀರ್ತಿಯನ್ನಾಗಲಿ ಅಪೇಕ್ಷಿಸದೆ ಅವುಗಳನ್ನು ಕಾಯುವ ಕೆಲವರು ನಮ್ಮ ನಡುವೆ ಇದ್ದಾರೆ. ಅವರ ಕೆಲಸವು ಎಂಥದು, ಅದನ್ನು ನಾವು ಮನ್ನಿಸಬೇಕಾದ ಬಗೆ ಯಾವುದು ಎಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

ದಾರಿಯ ಬದಿಯಲ್ಲಿ ಮರ ನೆಡುವುದನ್ನು ನಮ್ಮ ದೇಶದವರು ಪೂರ್ವದಿಂದಲೂ ಸತ್ಕಾರ್ಯವೆಂದು ಎಣಿಸಿದ್ದಾರೆ. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ ಸಂಗತಿಯನ್ನು ಕ್ರಿ. ಪೂ. ೩ನೆಯ ಶತಮಾನದಲ್ಲಿಯೇ ಅಶೋಕ ಚಕ್ರವರ್ತಿಯು ಸ್ತಂಭಶಾಸನದಲ್ಲಿ ಬರೆಯಿಸಿದನು. ಪರದೇಶದಲ್ಲಿಯೂ ಇದಕ್ಕೆ ದೃಷ್ಟಾಂತವುಂಟು. ಇಂಗ್ಲೆಂಡಿನಲ್ಲಿ ಒಕ್ಟೇವಿಯಾ ಹಿಲ್ (೧೮೩೮–೧೯೧೨) ಎಂಬ ಮಹಿಳೆಯು ಲಂಡನ್ ನಗರದ ಬಡವರ ವಸತಿಗಳಲ್ಲಿ ಬಹುಕಾಲ ಸೇವೆ ಮಾಡಿ, ಇಕ್ಕಟ್ಟಾದ ಮನೆಗಳಲ್ಲಿ ವಾಸಿಸುವವರಿಗೆ ಕುಳಿತುಕೊಳ್ಳಲು, ಆಡಲು, ತಿರುಗಾಡಲು ತೆರೆದ ಹಸುರು ತಾಣಗಳು ಅತ್ಯವಶ್ಯವೆಂದು ಹೋರಾಡಿದಳು. ೧೮೯೫ರಲ್ಲಿ ಆಕೆಯೂ ಇನ್ನಿಬ್ಬರು ಮಹನೀಯರೂ ಕೂಡಿ ಸ್ಥಾಪಿಸಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ಇಂದಿಗೂ ಸಹಸ್ರಾರು ಸ್ವಯಂಸೇವಕರ ನೆರವಿನಿಂದ ತೋಟ, ಕಾಡು, ಕಡಲತೀರಗಳನ್ನು ಜನರಿಗಾಗಿ ಕಾಪಾಡುತ್ತಿದೆ.

ಆದರೆ ನಮಗೆ ಅತಿ ಸಮೀಪದ ದೃಷ್ಟಾಂತವು ಸಾಲುಮರದ ತಿಮ್ಮಕ್ಕನವರದು. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲೂಕಿನ ಹುಲಿಕಲ್ಲು ಗ್ರಾಮಕ್ಕೆ ಸೊಸೆಯಾಗಿ ಬಂದ ಅವರಿಗೆ ವಿದ್ಯಾಭ್ಯಾಸದ ಭಾಗ್ಯವಿರಲಿಲ್ಲ, ಕೂಲಿಯೇ ಜೀವನಾಧಾರ. ಮಕ್ಕಳಿಲ್ಲದ ಆ ದಂಪತಿಗಳು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಸಸಿಗಳನ್ನು ನೆಡಲಾರಂಭಿಸಿದರು. ಮೊದಲನೆಯ ವರ್ಷ ೧೦, ಮರುವರ್ಷ ೧೫, ಅದರ ಮುಂದಿನ ವರ್ಷ ೨೦, ಹೀಗೆ ಸಾಲು ಬೆಳೆಯಿತು. ಮಳೆಗಾಲದಲ್ಲಿ ನೆಟ್ಟು, ಮಳೆ ನಿಂತ ಮೇಲೆ ದೂರದಿಂದ ಕೊಡಗಳಲ್ಲಿ ನೀರು ಹೊತ್ತು ಎರೆದು, ಸುತ್ತಲೂ ಮುಳ್ಳಿನ ಬೇಲಿ ಕಟ್ಟಿ ಕಾಪಾಡಿದರು. ಸುಮಾರು ೪ ಕಿಲೋಮೀಟರು ದಾರಿಯಲ್ಲಿ ಹಾಗೆ ಬೆಳೆದ ಆಲದ ಮರಗಳು ೩೮೫ ಎಂದು ಪ್ರಸಿದ್ಧವಾಗಿದೆ. ೧೯೯೧ರಲ್ಲಿ ಪತಿಯಾದ ಚಿಕ್ಕಯ್ಯನವರು ತೀರಿಕೊಂಡ ಬಳಿಕವೂ ತಿಮ್ಮಕ್ಕನವರು ತಮ್ಮ ವ್ರತವನ್ನು ಬಿಡಲಿಲ್ಲ. ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅದೇ ವರ್ಷ ರಸ್ತೆಯನ್ನು ಅಗಲಮಾಡುವ ಯೋಜನೆಯಿಂದ ಆ ಮರಗಳಿಗೇ ಕುತ್ತು ಒದಗಿದಾಗ, ಆ ವೃದ್ಧೆಯು ತಾವೇ ಸರಕಾರಕ್ಕೆ ಮೊರೆಯಿಟ್ಟರು. ಮರಗಳನ್ನು ಉಳಿಸುವ ಆಶ್ವಾಸನವೂ ದೊರೆಯಿತು. ೨೦೨೫ನೆಯ ನವೆಂಬರಿನಲ್ಲಿ ಅವರು ಕಾಲವಾದರು. ಪ್ರಶಸ್ತಿ ಪಡೆದ ಕೈಗೂ ತನ್ನ ಮರಗಳಿಗಾಗಿ ಮತ್ತೆ ಬೇಡಬೇಕಾದ ಕಾಲ ಬಂದಿತೆಂಬುದನ್ನು ನಾವು ಮರೆಯಲಾಗದು. ನೆಡುವುದು ಒಂದು ದಿನದ ಕೆಲಸ. ಕಾಯುವುದಕ್ಕೆ ಮುಗಿತಾಯವೇ ಇಲ್ಲ.

ಕಾಯುವ ಕೆಲಸವು ಇಷ್ಟು ಮುಖ್ಯವಾಗಲು ಕಾರಣವೇನು? ಸಸಿಮಡಿಯಿಂದ ಕಿತ್ತು ತಂದ ಗಿಡವು ತನ್ನ ಬೇರುಗಳಲ್ಲಿ ಬಹುಭಾಗವನ್ನು ಅಲ್ಲಿಯೇ ಕಳೆದುಕೊಂಡು ಬಂದಿರುತ್ತದೆ. ಉಳಿದ ಎಳೆಯ ಬೇರುಗಳು ಮೇಲುಮಣ್ಣಿನಲ್ಲಿಯೇ ಇರುವುವು. ಬಿಸಿಲಿಗೆ ಮೊದಲು ಒಣಗುವುದೂ ಮೇಲುಮಣ್ಣೇ. ಬೇರು ಆಳಕ್ಕಿಳಿದು ತೇವವನ್ನು ತಾನೇ ಹುಡುಕಿಕೊಳ್ಳುವ ತನಕ, ಎಂದರೆ ಮೊದಲ ಎರಡು ಮೂರು ಬೇಸಗೆಗಳಲ್ಲಿ, ಅದಕ್ಕೆ ಮನುಷ್ಯರ ಆಸರೆ ಬೇಕು. ದಿನವೂ ಒಂದು ಚೊಂಬು ನೀರನ್ನು ಚೆಲ್ಲುವುದಕ್ಕಿಂತ, ಬುಡಕ್ಕೆ ಪಾತಿ ಮಾಡಿ ಕೆಲವು ದಿನಕ್ಕೊಮ್ಮೆ ನೀರು ಆಳಕ್ಕೆ ಇಳಿಯುವಂತೆ ಎರೆಯುವುದು ಲೇಸು. ಆಗ ಬೇರೂ ನೀರನ್ನು ಹಿಂಬಾಲಿಸಿ ಕೆಳಗಿಳಿಯುವುದು. ತರಗೆಲೆಗಳನ್ನು ಗುಡಿಸಿ ಸುಟ್ಟರೆ ಹೊಗೆಯೇ ಲಾಭ. ಅವನ್ನೇ ಪಾತಿಯಲ್ಲಿ ಹರಡಿದರೆ ಮಣ್ಣಿನ ತೇವವು ಆರದೆ, ಕ್ರಮೇಣ ಕೊಳೆತು ಗೊಬ್ಬರವಾಗುವುದು. ಪಾರ್ಥೇನಿಯಂ ಕಳೆಯನ್ನು ಹೂಬಿಡುವ ಮುನ್ನ ಬೇರುಸಹಿತ ಕೀಳಬೇಕು. ತಡಮಾಡಿದರೆ ಒಂದು ಗಿಡದ ಬೀಜವು ಸಾವಿರಾರಾಗಿ ಹರಡುವುದು. ಸಸಿಗೆ ಆಸರೆಗೋಲನ್ನು ಕಟ್ಟಿದ ಹುರಿಯನ್ನು ಸಕಾಲದಲ್ಲಿ ಸಡಿಲಿಸದಿದ್ದರೆ ಅದೇ ಕಾಂಡವನ್ನು ಕೊರೆದು ಮರದ ಕೊರಳಿಗೆ ಉರುಲಾಗುವುದು. ಇವೆಲ್ಲವೂ ಸಣ್ಣ ಕೆಲಸಗಳೆಂದು ತೋರಬಹುದು. ಮಾಡಿದಾಗ ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಮಾಡದಿದ್ದಾಗ ಮಾತ್ರ ಎಲ್ಲರಿಗೂ ಕಾಣುವುವು.

ಒಬ್ಬರಿಂದಾಗದ ಕಾರ್ಯವನ್ನು ಹಲವರು ಕೂಡಿ ಸಾಧಿಸುವುದೂ ಉಂಟು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಸುಮಾರು ೧೩ ಎಕರೆ ವಿಸ್ತಾರದ ಪುಟ್ಟೇನಹಳ್ಳಿಯ ಕೆರೆಯು ಹಾಳಾಗುತ್ತಿದ್ದುದನ್ನು ಕಂಡು, ನೆರೆಹೊರೆಯ ನಿವಾಸಿಗಳು ೨೦೧೦ರಲ್ಲಿ ಒಂದು ಟ್ರಸ್ಟನ್ನು ಸ್ಥಾಪಿಸಿದರು. ಮರುವರ್ಷವೇ ನಗರಪಾಲಿಕೆಯು ಒಪ್ಪಂದ ಮಾಡಿಕೊಂಡು ಕೆರೆಯ ಪಾಲನೆಯನ್ನು ಅವರಿಗೆ ವಹಿಸಿತು. ಜಂಬುಕಳೆಗಳನ್ನು ತೆಗೆಯುವುದು, ಏರಿಯ ಮೇಲೆ ಗಿಡ ಬೆಳೆಸುವುದು, ಹಕ್ಕಿಗಳನ್ನು ಗುರುತಿಸಿ ಮಕ್ಕಳಿಗೆ ತೋರಿಸುವುದು ಮುಂತಾದ ಕೆಲಸಗಳಿಗೆ ಸಾಮಾನ್ಯ ಗೃಹಸ್ಥರೇ ಕೈಹಾಕಿದರು.

ಇಂತಹವರನ್ನು ನಾವು ಮನ್ನಿಸುವ ಬಗೆ ಹೇಗೆ? ಹಾರ ಶಾಲುಗಳಿಂದ ಸನ್ಮಾನಿಸುವುದು ಯೋಗ್ಯವೇ ಸರಿ. ಆದರೆ ಹಾರವು ಸಂಜೆಗೆ ಬಾಡುವುದು. ಮೊದಲನೆಯದಾಗಿ, ಅವರ ಕೆಲಸವನ್ನು ಕೆಡಿಸದಿರುವುದೇ ಅವರಿಗೆ ಸಲ್ಲಿಸುವ ಮರ್ಯಾದೆ. ಬೇಲಿಯ ಮುಳ್ಳನ್ನು ಸೌದೆಗೆ ಎಳೆಯದಿರುವುದು, ಹೂವನ್ನು ಕೀಳದಿರುವುದು, ಕಸವನ್ನು ಎಸೆಯದಿರುವುದು ಇದರಲ್ಲಿ ಸೇರುತ್ತವೆ. ಎರಡನೆಯದಾಗಿ, ಅವರಿಗೆ ಬೇಕಾದುದು ಏನೆಂದು ಕೇಳಬೇಕು. ಗುದ್ದಲಿಯನ್ನಿಡಲು ಒಂದು ಮೂಲೆ, ಹತ್ತಿರದ ಮನೆಯಿಂದ ಎರಡು ಬಿಂದಿಗೆ ನೀರು, ಬಿಸಿಲಿನಲ್ಲಿ ಒಂದು ಲೋಟ ಮಜ್ಜಿಗೆ ಇವು ಹೊಗಳಿಕೆಯ ಭಾಷಣಕ್ಕಿಂತ ಬೆಲೆಯುಳ್ಳವು. ಮೂರನೆಯದಾಗಿ, ಅವರ ಪಕ್ಕದಲ್ಲಿ ನಿಂತು ಕೈಗೂಡಿಸಬೇಕು. ಇನ್ನೊಂದು ಮಾತನ್ನೂ ನೆನಪಿಡುವುದು ನ್ಯಾಯ: ಸ್ವಯಂಸೇವಕರು ಇದ್ದಾರೆಂಬ ನೆವದಿಂದ ಮಾಲಿಗಳ ಸಂಖ್ಯೆಯನ್ನು ಇಳಿಸುವುದೂ, ನಗರಸಭೆಗಳು ತಮ್ಮ ಕರ್ತವ್ಯದಿಂದ ಜಾರಿಕೊಳ್ಳುವುದೂ ಮೆಚ್ಚುವ ನಡತೆಯಲ್ಲ. ಪ್ರೀತಿಯಿಂದ ಮಾಡಿದ ಕೆಲಸವನ್ನು ಪುಕ್ಕಟೆಯ ಕೂಲಿಯೆಂದು ತಿಳಿದರೆ ಅದು ಕೃತಜ್ಞತೆಯ ಹೆಸರಿನಲ್ಲಿ ಮಾಡಿದ ಅಪಚಾರವೇ ಸರಿ.

ಪ್ರಿಯ ವಿದ್ಯಾರ್ಥಿನಿಯರೇ, ಕಡೆಯಲ್ಲಿ ನಿಮಗೆ ಒಂದು ಮಾತು. ಭಾರತದಲ್ಲಿ ೧೯೫೦ರಿಂದ ವರ್ಷಂಪ್ರತಿ ಜುಲೈ ತಿಂಗಳಲ್ಲಿ ವನಮಹೋತ್ಸವವು ನಡೆಯುತ್ತಿದೆ. ಶಾಲೆಗಳಲ್ಲಿ ಹಾಡು, ಭಾಷಣ, ಸಸಿ ನೆಡುವ ಸಂಭ್ರಮ ಎಲ್ಲವೂ ಆಗುತ್ತವೆ. ಮಳೆಗಾಲದಲ್ಲಿ ಆಕಾಶವೇ ನೀರೆರೆಯುವುದರಿಂದ ಸಸಿಗಳು ಚಿಗುರುತ್ತವೆ. ಆದರೆ ಏಪ್ರಿಲ್ ಬಂದೊಡನೆ ಪರೀಕ್ಷೆ ಮುಗಿದು ಶಾಲೆಯ ಬಾಗಿಲಿಗೆ ಬೀಗ ಬೀಳುವುದು. ಸಸಿಗೆ ನೀರು ಅತ್ಯಂತ ಅಗತ್ಯವಾದ ಎರಡು ತಿಂಗಳುಗಳೇ ನಮ್ಮ ರಜದ ತಿಂಗಳುಗಳು! ಜೂನಿನಲ್ಲಿ ಮರಳಿ ಬಂದಾಗ ಒಣಗಿದ ಕಡ್ಡಿಯನ್ನು ಕಂಡು, ಅದೇ ಗುಂಡಿಯಲ್ಲಿ ಹೊಸ ಸಸಿಯನ್ನು ನೆಡುವ ಶಾಲೆಗಳು ಎಷ್ಟಿಲ್ಲ? ಇದಕ್ಕೆ ಪರಿಹಾರವು ಕಠಿಣವೇನಲ್ಲ. ಶಾಲೆಯ ಸಮೀಪದಲ್ಲಿ ಮನೆಯುಳ್ಳ ಹತ್ತು ಮಂದಿ ಬಾಲಿಕೆಯರು ಸರದಿಯಿಟ್ಟುಕೊಂಡು ವಾರಕ್ಕೆ ಎರಡು ಸಂಜೆ ಬಂದು ನೀರೆರೆದರೆ ಸಾಕು. ನೂರು ಸಸಿಗಳನ್ನು ನೆಟ್ಟು ಮರೆಯುವುದಕ್ಕಿಂತ ಹತ್ತನ್ನು ನೆಟ್ಟು ಉಳಿಸುವುದು ಮೇಲು.

ಮುಂದೊಂದು ದಿನ ನೀವು ನಿಮ್ಮ ಮಕ್ಕಳ ಕೈಹಿಡಿದು ಈ ಅಂಗಳಕ್ಕೆ ಬರುವಿರಿ. ಅಂದು ಇಲ್ಲಿ ನೆರಳಿರುವುದೋ ಬರಿಯ ಗುಂಡಿಗಳಿರುವುವೋ ಎಂಬುದು ಬರುವ ಬೇಸಗೆಯಲ್ಲಿ ಯಾರು ಕೊಡವನ್ನು ಎತ್ತಿಕೊಳ್ಳುವರೆಂಬುದನ್ನು ಅವಲಂಬಿಸಿದೆ. ಆ ಕೊಡವನ್ನು ಎತ್ತಿಕೊಳ್ಳುವವಳಿಗೆ ನಮ್ಮೆಲ್ಲರ ವಂದನೆಗಳು.