ಗುಬ್ಬಿಯ ರೂಟರ್ ಯಾರ ಮಾತು ಕೇಳಬೇಕು?

ಕುಣಿಗಲ್‌ನಿಂದ ಬೆಂಗಳೂರಿಗೆ ಹೊರಟವರು ತುಮಕೂರಿಗೆ ಹೋಗಿ ಸುತ್ತುವುದಿಲ್ಲ. ನೆಲಮಂಗಲದ ಮೇಲೆ ನೇರ ಹೆದ್ದಾರಿಯಿದೆ, 2017ರಿಂದ ರೈಲೂ ಇದೆ. ಸರ್ಕಾರಿ ವ್ಯವಹಾರದ ದಾರಿ ಮಾತ್ರ ಬೇರೆ: ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ. 2005ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಜ್ಯವ್ಯಾಪಿ ಕಂಪ್ಯೂಟರ್ ಜಾಲಗಳ ಯೋಜನೆಯ ನಕ್ಷೆಯೂ ಇದೇ ಮೆಟ್ಟಿಲಿನದು. ಅದರಂತೆ ಗುಬ್ಬಿಗೂ ಕುಣಿಗಲ್‌ಗೂ ಮೇಲಿನ ಮೆಟ್ಟಿಲು ತುಮಕೂರು. ಇಂಥ ಜಾಲದಲ್ಲಿ ತಾಲ್ಲೂಕಿನ ರೂಟರಿಗೆ ದಾರಿ ತಿಳಿಯುವುದು ಎರಡು ಬಗೆಯಲ್ಲಿ. ಎಂಜಿನಿಯರ್ ಕೈಯಾರೆ ಬರೆದಿಟ್ಟದ್ದು ಸ್ಟ್ಯಾಟಿಕ್ ದಾರಿ. ನೆರೆಹೊರೆಯ ರೂಟರುಗಳು ಪರಸ್ಪರ ಸುದ್ದಿ ಮುಟ್ಟಿಸಿ ಕಲಿತದ್ದು ಡೈನಮಿಕ್ ದಾರಿ. ಎರಡೂ ಬೇರೆ ಬೇರೆ ದಿಕ್ಕು ತೋರಿಸಿದರೆ ರೂಟರುಗಳು ಸಾಮಾನ್ಯವಾಗಿ ಮನುಷ್ಯ ಬರೆದದ್ದನ್ನೇ ನಂಬುತ್ತವೆ. ಒಂದೇ ಲೈನ್ ಇರುವವರೆಗೆ ಆ ನಂಬಿಕೆಗೆ ತೊಂದರೆಯಿಲ್ಲ. ಎರಡನೆಯದು ಬಂದ ದಿನದಿಂದ ಅದನ್ನು ಹಾಗೇ ಬಿಡುವುದು ತಪ್ಪು ಎನ್ನುವುದು ನನ್ನ ವಾದ.

ಆಯ್ಕೆಯ ಕ್ರಮ ಹೀಗಿದೆ. ಮೊದಲು ನೋಡುವುದು ಯಾವ ದಾರಿ ವಿಳಾಸವನ್ನು ಹೆಚ್ಚು ಖಚಿತವಾಗಿ ಹೇಳುತ್ತದೆ ಎಂಬುದನ್ನು. 'ಉಳಿದದ್ದೆಲ್ಲ ಈ ಕಡೆ' ಎನ್ನುವ ಸಾಲಿಗಿಂತ 'ಈ 256 ವಿಳಾಸಗಳು ಆ ಕಡೆ' ಎನ್ನುವ ಸಾಲು ಗೆಲ್ಲುತ್ತದೆ, ಯಾರು ಬರೆದಿದ್ದರೂ ಸರಿ. ಅಲ್ಲಿ ಸಮವಾದರೆ ಮಾತ್ರ ನಂಬಿಕೆಯ ಅಂಕಿ ಬರುತ್ತದೆ. ಸಿಸ್ಕೊ ರೂಟರಿನಲ್ಲಿ ಸ್ಟ್ಯಾಟಿಕ್ ದಾರಿಗೆ 1, ಒಎಸ್‌ಪಿಎಫ್ ಎಂಬ ಪದ್ಧತಿಯಿಂದ ಕಲಿತದ್ದಕ್ಕೆ 110, ಹಳೆಯ ರಿಪ್‌ಗೆ 120. ಕಡಿಮೆ ಅಂಕಿಯದೇ ಮೇಲುಗೈ. ಜುನಿಪರ್ ಕಂಪನಿಯ ಅಂಕಿಗಳು ಬೇರೆ, ಸ್ಟ್ಯಾಟಿಕ್‌ಗೆ 5, ಒಎಸ್‌ಪಿಎಫ್‌ಗೆ 10, ಆದರೂ ಸ್ಟ್ಯಾಟಿಕ್ ದಾರಿಯೇ ಮುಂದು. ಗಮನಿಸಿ: ಲೈನಿನ ವೇಗವಾಗಲಿ, ಅದು ಈಗ ಬದುಕಿದೆಯೇ ಎಂಬುದಾಗಲಿ ಈ ಅಂಕಿಯಲ್ಲಿ ಇಲ್ಲ.

ತೊಡಕು ಇರುವುದು ಇಲ್ಲೇ. ಗುಬ್ಬಿಯ ಒಂದು ಕಚೇರಿಗೆ ತುಮಕೂರಿನ ಫೈಬರ್ ಜೊತೆಗೆ ಇನ್ನೊಂದು ಲೈನೂ ಇದೆ, ಸ್ಟ್ಯಾಟಿಕ್ ದಾರಿ ತುಮಕೂರಿನ ಕಡೆಗಿದೆ ಎಂದುಕೊಳ್ಳೋಣ. ಎಷ್ಟೋ ಕಡೆ ಫೈಬರ್ ನೇರವಾಗಿ ರೂಟರಿಗೆ ಬರುವುದಿಲ್ಲ. ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಗೆ ಬಂದು, ಅಲ್ಲಿಂದ ಮೊಳದುದ್ದದ ತಾಮ್ರದ ವೈರಿನಲ್ಲಿ ರೂಟರಿಗೆ ಸೇರುತ್ತದೆ. ರಸ್ತೆ ಅಗಲೀಕರಣದ ಜೆಸಿಬಿ ಎಲ್ಲೋ ಹೆದ್ದಾರಿ ಬದಿಯಲ್ಲಿ ಫೈಬರ್ ಕತ್ತರಿಸಿದರೂ ಪೆಟ್ಟಿಗೆಗೂ ರೂಟರಿಗೂ ನಡುವಿನ ವೈರ್ ಗಟ್ಟಿಯಾಗಿಯೇ ಇರುತ್ತದೆ, ಹಸಿರು ದೀಪ ಮಿನುಗುತ್ತಲೇ ಇರುತ್ತದೆ. ತನ್ನ ಪೋರ್ಟು ಸತ್ತರೆ ಸ್ಟ್ಯಾಟಿಕ್ ದಾರಿ ಪಟ್ಟಿಯಿಂದ ತಾನಾಗಿ ಇಳಿಯುತ್ತದೆ. ಇಲ್ಲಿ ಪೋರ್ಟು ಸತ್ತಿಲ್ಲವಲ್ಲ! ಹಾಗಾಗಿ ಕಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಪಕ್ಕದ ಲೈನ್ ಸುಮ್ಮನೆ ಕುಳಿತಿರುತ್ತದೆ. ಆ ಸ್ಟ್ಯಾಟಿಕ್ ದಾರಿಯ ಬದಲು ಒಎಸ್‌ಪಿಎಫ್ ಇದ್ದರೆ ತುಮಕೂರಿನ ರೂಟರ್ 10 ಸೆಕೆಂಡಿಗೊಮ್ಮೆ 'ಇದ್ದೇನೆ' ಎನ್ನುತ್ತಿರುತ್ತದೆ. 40 ಸೆಕೆಂಡು ದನಿಯಿಲ್ಲದಿದ್ದರೆ ಗುಬ್ಬಿಯ ರೂಟರ್ ಆ ದಾರಿ ಕೈಬಿಡುತ್ತದೆ.

ಕಲಿಯುವ ರೂಟರ್ ಸುಳ್ಳನ್ನೂ ಕಲಿಯುತ್ತದೆ ಎನ್ನುವವರಿದ್ದಾರೆ, ಅವರ ಬಳಿ ಪುರಾವೆಯೂ ಇದೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ, ಯೂಟ್ಯೂಬಿನದೇ 256 ವಿಳಾಸಗಳ ದಾರಿ ತನ್ನಲ್ಲಿದೆ ಎಂದು ಹೊರಜಗತ್ತಿಗೂ ಸಾರಿಬಿಟ್ಟಿತು. ಯೂಟ್ಯೂಬ್ ಸಾರಿದ್ದು 1,024 ವಿಳಾಸಗಳ ಗುಂಪು. ಖಚಿತವಾದದ್ದೇ ಗೆಲ್ಲುವ ನಿಯಮದಿಂದ ಸುಮಾರು ಎರಡು ಗಂಟೆ ಜಗತ್ತಿನ ಬಹುಪಾಲು ಕಡೆ ಯೂಟ್ಯೂಬ್ ಸಿಗಲಿಲ್ಲ. ಆದರೆ ಅದು ಪರಸ್ಪರ ಅಪರಿಚಿತ ಸಂಸ್ಥೆಗಳ ನಡುವೆ ಸುದ್ದಿ ಮುಟ್ಟಿಸುವ ಬಿಜಿಪಿ ಎಂಬ ಪದ್ಧತಿಯ ಕಥೆ, ಹರಡಿದ್ದು ಪಾಕಿಸ್ತಾನ್ ಟೆಲಿಕಾಂಗೆ ಹೊರಜಗತ್ತಿನ ಸಂಪರ್ಕ ಕೊಡುತ್ತಿದ್ದ ಕಂಪನಿ ಶೋಧಿಸದೆ ದಾಟಿಸಿದ್ದರಿಂದ. ಒಂದೇ ಆಡಳಿತದ ಗುಬ್ಬಿ, ತುಮಕೂರುಗಳ ನಡುವೆ ಪಾಸ್‌ವರ್ಡ್ ಇಟ್ಟು, ಯಾರ ಮಾತು ಕೇಳಬೇಕೆಂದು ನಿಗದಿಪಡಿಸುವುದು ಕಷ್ಟವಲ್ಲ.

ಇಷ್ಟೆಲ್ಲ ನೋಡಿಕೊಳ್ಳಲು ತಾಲ್ಲೂಕಿನಲ್ಲಿ ಜನ ಎಲ್ಲಿದ್ದಾರೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಒಂದೇ ಫೈಬರ್ ಇರುವ ಪಂಚಾಯಿತಿ ಕಚೇರಿಗೆ ಸ್ಟ್ಯಾಟಿಕ್ ದಾರಿಯೇ ಸಾಕು. ಕಲಿತರೂ ಹೋಗುವುದಕ್ಕೆ ಬೇರೆ ದಾರಿಯಿಲ್ಲ. ಎರಡು ಲೈನ್ ಇರುವಲ್ಲಿ ಕೈಬರಹವನ್ನು ಪೂರ್ತಿ ಕೈಬಿಡಬೇಕಿಲ್ಲ, ಅದರ ಸ್ಥಾನ ಇಳಿಸಿದರಾಯಿತು. ತುಮಕೂರಿನ ದಾರಿಯನ್ನು ಒಎಸ್‌ಪಿಎಫ್‌ಗೆ ಬಿಟ್ಟು, ಎರಡನೇ ಲೈನಿನ ಸ್ಟ್ಯಾಟಿಕ್ ದಾರಿಗೆ 1ರ ಬದಲು 200 ಎಂದು ಬರೆದರೆ, ಒಎಸ್‌ಪಿಎಫ್ ಕಲಿಸಿದ 110ರ ದಾರಿ ಇರುವತನಕ ಅದು ಹಿಂದೆ ನಿಂತಿರುತ್ತದೆ, ಆ ಕಲಿತ ದಾರಿ ಹೋದೊಡನೆ ಮುಂದೆ ಬರುತ್ತದೆ. ಖರ್ಚು ಕೆಲವೇ ಸಾಲುಗಳದು. ಪರೀಕ್ಷಿಸುವಾಗ ಮಾತ್ರ ರೂಟರಿನ ವೈರ್ ಕಿತ್ತು ನೋಡಿದರೆ ಪ್ರಯೋಜನವಿಲ್ಲ, ಆಗ ಪೋರ್ಟೇ ಸಾಯುತ್ತದೆ. ಗೋಡೆಯ ಪೆಟ್ಟಿಗೆಯ ಆಚೆಗಿನ ಫೈಬರ್ ಬಿಚ್ಚಿ, ಒಂದು ನಿಮಿಷ ಕಾದು ನೋಡಬೇಕು.