ಸೊರಬ ಬಸ್ ಸ್ಟ್ಯಾಂಡಿನ ಅರ್ಧ ಲೋಟ ಚಾ

ಹೃದಯದ ಪರೀಕ್ಷೆಗೆಂದು ಕುಪ್ಪಗಡ್ಡೆಯಿಂದ ನಸುಕಿಗೇ ಹೊರಟವರು ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಒಂದು ಚಾ ಕುಡಿಯದೆ ಮುಂದಿನ ಬಸ್ಸು ಹತ್ತುವುದು ಅಪರೂಪ. ಬರಿಹೊಟ್ಟೆಯಲ್ಲಿ ಬನ್ನಿ ಎಂದಿದ್ದಾರೆ, ತಿಂಡಿ ಮುಟ್ಟಿಲ್ಲ. ಚಾ ನಮ್ಮಲ್ಲಿ ತಿಂಡಿಯ ಲೆಕ್ಕಕ್ಕೇ ಬರುವುದಿಲ್ಲ. ಆದರೆ ನ್ಯೂಕ್ಲಿಯರ್ ಸ್ಕ್ಯಾನಿನ ದಿನ ಆ ಲೋಟವೇ ರೋಗವಿರುವ ಹೃದಯಕ್ಕೆ 'ನಾರ್ಮಲ್' ಎಂಬ ವರದಿ ಕೊಡಿಸಬಹುದು. ಇಂಥ ಸುಳ್ಳು ಸಮಾಧಾನಗಳು ಮುಂದೆ ಹೆಚ್ಚುತ್ತವೆ ಎಂಬುದೇ ನನ್ನ ಆತಂಕ.

ಈ ಪರೀಕ್ಷೆಗೆ 'ಸ್ಟ್ರೆಸ್ ಥ್ಯಾಲಿಯಂ' ಎಂಬ ಹಳೆಯ ಹೆಸರೇ ಉಳಿದಿದೆ. ಈಗ ಹೆಚ್ಚಾಗಿ ಬಳಸುವುದು ಟೆಕ್ನೀಷಿಯಂ-99ಎಂ. ರಕ್ತನಾಳಕ್ಕೆ ಚುಚ್ಚಿದ ಈ ವಿಕಿರಣವಸ್ತು ಹೃದಯದ ಸ್ನಾಯುವಿನಲ್ಲಿ ರಕ್ತ ಹರಿದಲ್ಲೆಲ್ಲ ಸೇರಿಕೊಳ್ಳುತ್ತದೆ, ಅದರ ಗ್ಯಾಮಾ ಕಿರಣ ಹಿಡಿದು ಕ್ಯಾಮೆರಾ ಚಿತ್ರ ಕಟ್ಟುತ್ತದೆ. ವಿಶ್ರಾಂತಿಯಲ್ಲಿ ಒಂದು ಚಿತ್ರ, ಶ್ರಮದಲ್ಲಿ ಒಂದು. ಮಂಡಿನೋವಿನಿಂದ ಟ್ರೆಡ್‌ಮಿಲ್ ಹತ್ತಲಾಗದವರಿಗೆ ಅಡೆನೊಸಿನ್ ಅಥವಾ ರೆಗಡೆನೊಸನ್ ಕೊಟ್ಟು ಹೃದಯದ ರಕ್ತನಾಳಗಳನ್ನು ಹಿಗ್ಗಿಸುತ್ತಾರೆ.

ಕೆರೆ ನೀರಿನ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಬು ಸಣ್ಣಗೆ ಬಿಟ್ಟಾಗ ಹೂಳು ತುಂಬಿದ ಕಾಲುವೆಯಲ್ಲೂ ಒಳ್ಳೆಯ ಕಾಲುವೆಯಲ್ಲೂ ನೀರು ಒಂದೇ ಹದದಲ್ಲಿ ಹರಿಯುತ್ತದೆ. ಪೂರ್ತಿ ಎತ್ತಿದಾಗ ತಾನೆ ಯಾವುದರಲ್ಲಿ ಹೂಳಿದೆ ಎಂದು ಗೊತ್ತಾಗುವುದು! ಔಷಧಿ ತೂಬು ಎತ್ತುತ್ತದೆ. ಚಾ, ಕಾಫಿಯ ಕೆಫೀನ್ ಅದೇ ಔಷಧಿ ಕೂರಬೇಕಾದ ಜಾಗದಲ್ಲಿ ಮೊದಲೇ ಹೋಗಿ ಕೂರುತ್ತದೆ. ನಾಳ ಹಿಗ್ಗುವುದಿಲ್ಲ, ಹೂಳು ಕಾಣುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಕ್ಯಾನಿನಲ್ಲಿ ರಕ್ತದ ಕೊರತೆ ಕಂಡಿದ್ದವರಿಗೆ ಕೆಫೀನ್ ಗುಳಿಗೆ ನುಂಗಿಸಿ, 90 ನಿಮಿಷದ ನಂತರ ರೆಗಡೆನೊಸನ್ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿದರು. ಮೊದಲು ಕಂಡಿದ್ದ ಕೊರತೆಯ ಭಾಗಗಳು ಸುಮಾರು ಶೇ. 60ರಷ್ಟು ಕಡಿಮೆಯಾಗಿದ್ದವು. ರೋಗವೇನೂ ವಾಸಿಯಾಗಿರಲಿಲ್ಲ. ಅದಕ್ಕೇ ಕನಿಷ್ಠ 12 ಗಂಟೆ, ಅನೇಕ ಕಡೆ 24 ಗಂಟೆ, ಚಾ-ಕಾಫಿ-ಚಾಕಲೇಟು-ಕೋಲಾ ಬೇಡ ಎನ್ನುವುದು. ದಮ್ಮಿಗೆಂದು ನಮ್ಮೂರುಗಳಲ್ಲಿ ನುಂಗುವ ಡೆರಿಫಿಲಿನ್ ಮಾತ್ರೆಯೂ ಇದೇ ತಂಟೆ ಮಾಡುತ್ತದೆ. ಅದನ್ನು ತಾವಾಗಿ ಬಿಡದೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಎದುರು ದಿಕ್ಕಿನ ತಪ್ಪೂ ಉಂಟು. ಹೆಂಗಸರಲ್ಲಿ ಸ್ತನ, ಗಂಡಸರಲ್ಲಿ ವಪೆ ಕಿರಣಗಳನ್ನು ತಡೆದು, ಇಲ್ಲದ ಕೊರತೆಯನ್ನು ತೋರಿಸುತ್ತವೆ. ಬೋರಲು ಮಲಗಿಸಿ ಇನ್ನೊಮ್ಮೆ ಚಿತ್ರ ತೆಗೆದರೆ, ಅಥವಾ ಸಿ.ಟಿ. ನೆರವಿನಿಂದ ತಿದ್ದಿದರೆ ಇದು ಬಹುಮಟ್ಟಿಗೆ ಬಯಲಾಗುತ್ತದೆ. ಸರದಿ ಉದ್ದವಿದ್ದ ದಿನ ಮೊದಲು ಕೈಬಿಡುವುದು ಈ ಎರಡನೇ ಚಿತ್ರವನ್ನೇ.

ಸರದಿ ಉದ್ದವಾಗುತ್ತಲೇ ಇದೆ. 2025ರ ಬೇಸಿಗೆ-ಮಳೆಗಾಲದ ನಡುವೆ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಆ ಭಯ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದದ್ದು ಸರಾಸರಿ 53ನೇ ವಯಸ್ಸಿನಲ್ಲಿ, ಬೇರೆಯವರಿಗಿಂತ ಆರು ವರ್ಷದಷ್ಟು ಮೊದಲು. ಆದರೆ ಲೆಕ್ಕ ಹಾಕಿ ನೋಡಿ. ರೋಗವಿದ್ದ 100 ಜನರಲ್ಲಿ 85 ಮಂದಿಯನ್ನು ಸ್ಕ್ಯಾನ್ ಹಿಡಿಯುತ್ತದೆ, ಇಲ್ಲದ 100ರಲ್ಲಿ 75 ಮಂದಿಯನ್ನು ಸರಿಯಾಗಿ ಬಿಡುತ್ತದೆ ಎಂದಿಟ್ಟುಕೊಳ್ಳೋಣ. ಅಧ್ಯಯನಗಳ ಅಂಕಿಗಳು ಇದರ ಆಸುಪಾಸಿನವೇ. ಯಾವ ಲಕ್ಷಣವೂ ಇಲ್ಲದ 1,000 ಜನ ಹೆದರಿ ಬಂದರು, ಅವರಲ್ಲಿ 40 ಮಂದಿಗೆ ರೋಗವಿದೆ ಎನ್ನಿ. 34 ಮಂದಿ ಸಿಗುತ್ತಾರೆ, ಆರು ಮಂದಿ ನಿಶ್ಚಿಂತೆಯಿಂದ ಮನೆಗೆ ಮರಳುತ್ತಾರೆ. ಆರೋಗ್ಯವಾಗಿರುವ 240 ಮಂದಿಗೆ 'ಬ್ಲಾಕ್ ಇರಬಹುದು' ಎಂಬ ವರದಿ ಸಿಗುತ್ತದೆ. ಆಮೇಲೆ ಆಂಜಿಯೋಗ್ರಾಂ, ಸಾಲ, ನಿದ್ದೆಯಿಲ್ಲದ ರಾತ್ರಿ. ಇದು ಎಲ್ಲ ಸರಿಯಾಗಿ ನಡೆದ ದಿನದ ಲೆಕ್ಕ. ಚಾ ಕುಡಿದು ಬಂದವರನ್ನು ಸೇರಿಸಿದರೆ ಆ ಆರು ಆರಾಗಿ ಉಳಿಯುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ರೋಗಿಯ ಮೌನ. ಟೆಕ್ನೀಷಿಯಂನ ಅರ್ಧಾಯುಷ್ಯ ಆರೇ ಗಂಟೆ. ನಿನ್ನೆಯದನ್ನು ಇವತ್ತಿಗೆ ಎತ್ತಿಡಲಾಗದು. ಚಾ ಕುಡಿದೆ ಎಂದು ಒಪ್ಪಿಕೊಂಡರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಕೊನೆಕೊಯ್ಲಿನ ದಿನ ಬಿಟ್ಟು, ಮಗನ ರಜೆ ಹಾಕಿಸಿ, ಮೂರು ಬಸ್ಸು ಬದಲಿಸಿ ಬಂದ ಹಿರಿಯರು ಬಾಯಿಬಿಡುತ್ತಾರೆಯೇ? 'ಏನೂ ಕುಡ್ದಿಲ್ಲ' ಎಂದು ತಲೆ ತಗ್ಗಿಸುತ್ತಾರೆ. ಹೇಳಿದವರನ್ನು ಬೈಯದೆ ಮರುದಿನದ ಸರದಿಯಲ್ಲಿ ಮೊದಲ ಜಾಗ ಕೊಡುವ ಪದ್ಧತಿ ಪ್ರತಿ ಕೇಂದ್ರದಲ್ಲೂ ಬರಬೇಕು. ಅದಕ್ಕೂ ಮೊದಲು, ಹಿಂದಿನ ದಿನ ಬೆಳಿಗ್ಗೆ ಮನೆಗೊಂದು ಫೋನು ಹೋಗಬೇಕು, ಕನ್ನಡದಲ್ಲಿ, ಒಲೆಯ ಮೇಲೆ ಚಾ ಕುದಿಯುವ ಮೊದಲು.